ಒಂದೇ ವರದಿ, ಎರಡು ಅರ್ಥ: ದಿನ ತುಂಬದ ಮಗುವಿನ ಮೆದುಳಿನ ಗಾಯವನ್ನು ಒಂದು ದಂಪತಿ ಎದುರಿಸಿದ ಬಗೆ

ಗರ್ಭದ 29ನೇ ವಾರದಲ್ಲಿ, 1,180 ಗ್ರಾಂ ತೂಕವಿದ್ದು ಹುಟ್ಟಿದ ಹೆಣ್ಣುಮಗುವೊಂದಕ್ಕೆ ತಿಂಗಳು ತುಂಬುವ ಹೊತ್ತಿಗೆ ಮೆದುಳಿನ ಎರಡೂ ಬದಿಯ ಬಿಳಿ ದ್ರವ್ಯದಲ್ಲಿ, ಅಂದರೆ ನರತಂತುಗಳು ಹಾಯುವ ಭಾಗದಲ್ಲಿ, ಗಾಯವಾಗಿರುವುದು ಸ್ಕ್ಯಾನಿನಲ್ಲಿ ಕಂಡುಬಂತು. ಆ ಮಗುವಿನ ತಂದೆತಾಯಿಯನ್ನು ನಾನು ಆಪ್ತಸಮಾಲೋಚಕಿಯಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಣುತ್ತ ಬಂದೆ. ಮಗುವಿನ ಚಿಕಿತ್ಸೆಯ ವಿವರಗಳು ಇಲ್ಲಿ ಅಗತ್ಯವಿದ್ದಷ್ಟೇ ಬರುತ್ತವೆ. ನಾನು ದಾಖಲಿಸಬೇಕೆಂದುಕೊಂಡಿರುವುದು ಆ ಇಬ್ಬರು ಈ ಸುದ್ದಿಯನ್ನು ಹೇಗೆ ಹೊತ್ತರು ಎಂಬುದನ್ನು. ಕುಟುಂಬದ ಗುರುತು ಸಿಗುವಂಥ ವಿವರಗಳನ್ನೆಲ್ಲ ಬಿಟ್ಟಿದ್ದೇನೆ.

ಇದರಲ್ಲಿ ಗಾಯವೂ ಅಪರೂಪದ್ದಲ್ಲ, ಕುಟುಂಬವೂ ಅಸಾಧಾರಣವಾದದ್ದಲ್ಲ. ಆದರೂ ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ಗಂಡ ಹೆಂಡತಿ ಇಬ್ಬರೂ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಎರಡು ಬೇರೆ ಬೇರೆ ರೋಗನಿರ್ಣಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಮಗುವನ್ನು ಸಾಕುತ್ತಿದ್ದರು, ಮತ್ತು ಅದು ನಮ್ಮ ತಂಡದಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿಯಬೇಕಾಗಿದ್ದವಳು ಮೊದಲಿಗೆ ನಾನು.

ಹುಟ್ಟು ಮತ್ತು ಮೊದಲ ಸ್ಕ್ಯಾನ್

ತಾಯಿಗೆ ಇದು ಮೊದಲ ಬಸಿರು. 28 ವಾರ ತುಂಬಿ ಮೂರು ದಿನವಾಗಿದ್ದಾಗ, ನೋವೇನೂ ಇಲ್ಲದೆ, ಬೆಳಗಿನ ಹೊತ್ತು ನೀರಿನ ಚೀಲ ಒಡೆಯಿತು. ಆಸ್ಪತ್ರೆಗೆ ಸೇರಿದ ಮೇಲೆ ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಚುಚ್ಚುಮದ್ದಿನ ಎರಡೂ ಡೋಸ್ ಸಿಕ್ಕವು. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ತೋರಿಸಿಕೊಟ್ಟಂದಿನಿಂದ ಬೆಳೆದುಬಂದ ಕ್ರಮ ಇದು. ಮಗುವಿನ ಮೆದುಳನ್ನು ಕಾಯುವ ಉದ್ದೇಶದಿಂದ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಕೂಡ ಸಿಕ್ಕಿತು. ನಾಲ್ಕನೆಯ ದಿನ ಹೆರಿಗೆಯಾಯಿತು. ಆಮೇಲೆ ಪರೀಕ್ಷಿಸಿದ ಮಾಸಿನಲ್ಲಿ ಸೋಂಕಿನ ಗುರುತುಗಳಿದ್ದವು. ಇಷ್ಟನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ಮುಂದೆ ಆ ತಾಯಿ ತನ್ನ ಮೇಲೆ ಹೊರಿಸಿಕೊಂಡ ಆರೋಪಗಳಿಗೆ ಉತ್ತರ ಕೊಡುವಾಗ ಈ ನಾಲ್ಕು ದಿನಗಳ ದಾಖಲೆಯೇ ನಮ್ಮ ಕೈಯಲ್ಲಿದ್ದ ಗಟ್ಟಿ ಸಾಕ್ಷ್ಯವಾಯಿತು.

ಮಗು ಹುಟ್ಟಿದ ಮೂರನೆಯ ದಿನ ನೆತ್ತಿಯ ಮೂಲಕ ಮಾಡಿದ ಅಲ್ಟ್ರಾಸೌಂಡಿನಲ್ಲಿ ಎಡಭಾಗದಲ್ಲಿ ಚಿಕ್ಕ ರಕ್ತಸ್ರಾವ ಕಾಣಿಸಿತು. ದಿನ ತುಂಬದ ಮಕ್ಕಳ ಮೆದುಳಿನ ಕುಹರಗಳ (ಒಳಗಿನ ದ್ರವ ತುಂಬಿದ ಪೊಳ್ಳುಗಳ) ಅಂಚಿನಲ್ಲಿ, ನರಕೋಶಗಳು ಹುಟ್ಟುವ ಜಾಗದಲ್ಲಿ, ಬಹಳ ತೆಳುವಾದ ರಕ್ತನಾಳಗಳ ಒಂದು ಪದರವಿರುತ್ತದೆ. ಗರ್ಭದ ಕೊನೆಯ ವಾರಗಳಲ್ಲಿ ಅದು ತಾನಾಗಿ ಕರಗಿಹೋಗುತ್ತದೆ. ಅದಕ್ಕೆ ಮುಂಚೆ ಹುಟ್ಟಿದ ಮಗುವಿನಲ್ಲಿ ರಕ್ತದೊತ್ತಡದ ಏರಿಳಿತಕ್ಕೆ ಆ ನಾಳಗಳು ಒಡೆಯಬಹುದು, ಒಡೆದರೆ ಬಹುಪಾಲು ಮೊದಲ 72 ಗಂಟೆಗಳೊಳಗೇ ಒಡೆಯುತ್ತವೆ. 1978ರಲ್ಲಿ ಪಾಪಿಲ್ ಮತ್ತು ಸಂಗಡಿಗರು ಮಾಡಿದ ನಾಲ್ಕು ದರ್ಜೆಗಳ ವಿಂಗಡಣೆಯಲ್ಲಿ ಈ ಮಗುವಿನದು ಮೊದಲ ದರ್ಜೆಯದು, ಅಂದರೆ ಅತಿ ಚಿಕ್ಕದು. ಕರಗುತ್ತದೆ, ಹೆದರಬೇಡಿ ಎಂದು ವೈದ್ಯರು ಹೇಳಿದರು. ಅದು ಸರಿಯಾದ ಮಾತೇ ಆಗಿತ್ತು, ಮತ್ತು ರಕ್ತಸ್ರಾವ ಕರಗಿಯೂ ಹೋಯಿತು.

ಆದರೆ ಮೂರನೆಯ ದಿನದ ಸ್ಕ್ಯಾನ್ ತೋರಿಸಲಾಗದ ಇನ್ನೊಂದು ಗಾಯ ಅದೇ ಹೊತ್ತಿಗೆ ಆಗಿಹೋಗಿರಬಹುದಿತ್ತು. ಈ ವಾರಗಳಲ್ಲಿ ಕುಹರಗಳ ಪಕ್ಕದ ಬಿಳಿ ದ್ರವ್ಯದಲ್ಲಿ, ನರತಂತುಗಳಿಗೆ ಹೊದಿಕೆ ಹಾಕಬೇಕಾದ ಎಳೆಯ ಕೋಶಗಳು ಇನ್ನೂ ಬಲಿಯುತ್ತಿರುತ್ತವೆ. ಸೋಂಕಿನಿಂದ ಹುಟ್ಟುವ ಉರಿಯೂತವನ್ನಾಗಲಿ, ರಕ್ತ ಮತ್ತು ಆಮ್ಲಜನಕದ ಕೊರತೆಯನ್ನಾಗಲಿ ಅವು ತಡೆದುಕೊಳ್ಳಲಾರವು. ಅಲ್ಲಿ ಅಂಗಾಂಶ ಸತ್ತರೆ ಅದು ಕೂಡಲೇ ಚಿತ್ರದಲ್ಲಿ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರ ಕಳೆದ ಮೇಲೆ ಆ ಜಾಗದಲ್ಲಿ ದ್ರವ ತುಂಬಿದ ಸಣ್ಣ ಗುಳ್ಳೆಗಳಾಗಿ ಕಾಣಿಸಿಕೊಳ್ಳುತ್ತದೆ. ಪೆರಿವೆಂಟ್ರಿಕ್ಯುಲರ್ ಲ್ಯುಕೊಮಲೇಶಿಯ ಎಂಬ ಹೆಸರಿನ ಈ ಸ್ಥಿತಿಯನ್ನು ವಾರ್ಡಿನಲ್ಲಿ ಎಲ್ಲರೂ ಪಿವಿಎಲ್ ಎಂದೇ ಕರೆಯುತ್ತಾರೆ. ಸ್ಕ್ಯಾನಿನ ಈ ತಡವನ್ನು ತಂದೆತಾಯಿಗೆ ಮೊದಲೇ ಹೇಳಿಡುವ ರೂಢಿ ನಮ್ಮಲ್ಲಿ ಆಗ ಇರಲಿಲ್ಲ. ಹಾಗಾಗಿ 29ನೆಯ ದಿನ ಎರಡೂ ಬದಿಯಲ್ಲಿ ಗುಳ್ಳೆಗಳು ಕಂಡಾಗ, ಮೂರನೆಯ ದಿನ ಚೆನ್ನಾಗಿದ್ದ ಮಗುವಿಗೆ ನಡುವೆ ಯಾರೋ ಏನೋ ಮಾಡಿದ್ದಾರೆ ಎಂಬ ಅನುಮಾನ ತಂದೆಯ ಮನಸ್ಸಿನಲ್ಲಿ ಮೂಡಿತು. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಒಂದು ವರ್ಷದ ನಂತರ.

ಇಪ್ಪತ್ತೊಂಬತ್ತನೆಯ ದಿನ

ಆ ಬೆಳಗ್ಗೆ ತಾಯಿ ಇನ್‌ಕ್ಯುಬೇಟರಿನ ದುಂಡು ಕಿಂಡಿಯೊಳಗೆ ಕೈ ಇಳಿಸಿ, ಅಂಗೈಯನ್ನು ಮಗುವಿನ ತಲೆಯ ಮೇಲೆ ಟೋಪಿಯಂತೆ ಇಟ್ಟುಕೊಂಡು ನಿಂತಿದ್ದರು. ಹೀಗೆ ತಲೆಯನ್ನು ಮೃದುವಾಗಿ ಹಿಡಿದರೆ ಮಗು ನೆಮ್ಮದಿಯಾಗಿರುತ್ತದೆ ಎಂದು ನರ್ಸ್ ಕಲಿಸಿಕೊಟ್ಟಿದ್ದರು. ರೌಂಡ್ಸಿಗೆ ಬಂದ ವೈದ್ಯರು ಅಲ್ಲೇ ನಿಂತು, ನಿನ್ನೆಯ ಸ್ಕ್ಯಾನಿನಲ್ಲಿ ಮೆದುಳಿನಲ್ಲಿ ಸಿಸ್ಟ್‌ಗಳು, ಅಂದರೆ ಗುಳ್ಳೆಗಳು, ಕಂಡಿವೆ, ಕೈಕಾಲುಗಳ ಚಲನೆಗೆ ತೊಂದರೆಯಾಗಬಹುದು ಎಂದು ತಿಳಿಸಿದರು. ಮಾತು ಎರಡು ಮೂರು ನಿಮಿಷಕ್ಕಿಂತ ಹೆಚ್ಚಿರಲಿಕ್ಕಿಲ್ಲ. ಅಂಗೈಯನ್ನು ಅಲ್ಲಿಂದ ತೆಗೆಯಬೇಕೋ ಬೇಡವೋ ಎಂದು ತಿಳಿಯದೆ ತಾನು ಹಾಗೇ ನಿಂತಿದ್ದೆ ಎಂದು ತಾಯಿ ಮುಂದೆ ನನಗೆ ಹೇಳಿದರು. ತನ್ನ ಕೈಯ ಕೆಳಗೇ ಆ ತೂತುಗಳಿವೆ ಎಂಬುದೊಂದೇ ಅವರ ತಲೆಯಲ್ಲಿ ಉಳಿದ ಯೋಚನೆ. ಗುಳ್ಳೆ ಎಂಬ ಮಾತು ಅವರ ಕಿವಿಯಲ್ಲಿ ತೂತು ಎಂದಾಗಿತ್ತು. ಕಡತದಲ್ಲಿ ಆ ದಿನದ ಟಿಪ್ಪಣಿ ಎರಡೇ ಪದಗಳದ್ದು: ತಾಯಿಗೆ ವಿವರಿಸಲಾಗಿದೆ.

ಮರುದಿನ ತಂದೆ ಬಂದರು. ಅವರನ್ನು ಕೋಣೆಯಲ್ಲಿ ಕೂರಿಸಿ, ಅರ್ಧ ಗಂಟೆ ಬಿಡುವು ಮಾಡಿಕೊಂಡು, ಅದೇ ವೈದ್ಯರು ಹೆಚ್ಚು ಎಚ್ಚರದಿಂದ ಮಾತಾಡಿದರು. ಈಗಲೇ ಖಚಿತವಾಗಿ ಹೇಳಲಾಗದು, ದಿನ ತುಂಬುವ ಹೊತ್ತಿಗೆ ಎಂಆರ್‌ಐ ಮಾಡೋಣ, ಪಿವಿಎಲ್ ಇದ್ದರೂ ಕೆಲವು ಮಕ್ಕಳಿಗೆ ತೊಂದರೆ ಕಡಿಮೆಯಿರುತ್ತದೆ, ಕಾದು ನೋಡೋಣ ಎಂಬುದು ಅವರ ಮಾತಿನ ಸಾರ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೆಂಡತಿಗೆ ಸಿಕ್ಕಿದ್ದು ಸುದ್ದಿ, ಗಂಡನಿಗೆ ಸಿಕ್ಕಿದ್ದು ಅದರ ಸಂದೇಹಗಳು ಮಾತ್ರ. ಎರಡನ್ನೂ ಸೇರಿಸಿ ಕೇಳುವ ಅವಕಾಶ ಇಬ್ಬರಿಗೂ ಸಿಗಲಿಲ್ಲ. 'ಕಾದು ನೋಡೋಣ' ಎಂಬ ಮಾತಿನ ಬಗ್ಗೆ ನನಗೆ ಅಂದಿನಿಂದ ಒಂದು ಬಗೆಯ ಅಸಹನೆಯೇ ಬೆಳೆದಿದೆ. ಹೇಳುವವರಿಗೆ ಅದು ಪ್ರಾಮಾಣಿಕತೆ. ಕೇಳುವವರು ಮಾತ್ರ ಯಾವುದಕ್ಕೆ ಕಾಯಬೇಕು, ಏನನ್ನು ನೋಡಬೇಕು, ಎಷ್ಟು ದಿನ ಎಂಬ ಮೂರೂ ಪ್ರಶ್ನೆಗಳೊಡನೆ ಮನೆಗೆ ಹೋಗುತ್ತಾರೆ.

31ನೆಯ ದಿನ ನಾನು ತಂದೆಯನ್ನು ಮೊದಲ ಬಾರಿ ಕಂಡೆ. ಅವರು ಸ್ಕ್ಯಾನಿನ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದರು, ಗುಳ್ಳೆಗಳ ಅಳತೆ ಕೇಳಿದರು, ಎಂಆರ್‌ಐಗೂ ಅಲ್ಟ್ರಾಸೌಂಡಿಗೂ ಇರುವ ವ್ಯತ್ಯಾಸ ಕೇಳಿದರು. ತಾಯಿ ಒಂದು ಮಾತೂ ಆಡದೆ ಗೋಡೆಯ ಕಡೆ ನೋಡುತ್ತಿದ್ದರು. ನಾನು ಬರೆದ ಟಿಪ್ಪಣಿ ಇನ್ನೂ ಕಡತದಲ್ಲಿದೆ: "ತಂದೆಗೆ ಪರಿಸ್ಥಿತಿಯ ಅರಿವು ಚೆನ್ನಾಗಿದೆ. ತಾಯಿಗೆ ಹೆಚ್ಚಿನ ಬೆಂಬಲ ಬೇಕಾಗಬಹುದು." ಪ್ರಶ್ನೆ ಕೇಳುವವರಿಗೆ ಅರ್ಥವಾಗಿದೆ, ಅಳುವವರಿಗೆ ಅರ್ಥವಾಗಿಲ್ಲ ಎಂದು ಎಣಿಸಿದ ಆ ಟಿಪ್ಪಣಿ ಎರಡು ಕಡೆಯಿಂದಲೂ ತಪ್ಪಾಗಿತ್ತು.

ಮನೆಯಲ್ಲಿ

37 ವಾರದ ಲೆಕ್ಕಕ್ಕೆ ಮಗು ಮನೆಗೆ ಹೋಯಿತು. 40ನೇ ವಾರಕ್ಕೆ, ಅಂದರೆ ಮಗು ಹುಟ್ಟಬೇಕಾಗಿದ್ದ ದಿನದ ಸುಮಾರಿಗೆ, ಎಂಆರ್‌ಐ ಆಯಿತು. ವರದಿಯ ಕೊನೆಯಲ್ಲಿ ಎರಡು ವಾಕ್ಯಗಳಿದ್ದವು. ಮೊದಲಿನ ರಕ್ತಸ್ರಾವ ಪೂರ್ತಿ ಕರಗಿದೆ ಎಂಬುದು ಒಂದು. ಎರಡೂ ಬದಿಯಲ್ಲಿ ಕುಹರಗಳ ಸುತ್ತಲಿನ ಬಿಳಿ ದ್ರವ್ಯ ಕಡಿಮೆಯಾಗಿದ್ದು ಕುಹರಗಳು ಹಿಗ್ಗಿವೆ ಎಂಬುದು ಇನ್ನೊಂದು. ತಂದೆ ಮೊದಲನೆಯದನ್ನು ಮನೆಯವರಿಗೆಲ್ಲ ಓದಿ ಹೇಳಿದರು. ತಾಯಿ ಎರಡನೆಯದನ್ನು ರಾತ್ರಿ ಒಬ್ಬರೇ ಓದಿಕೊಂಡರು, ಹಿಗ್ಗಿವೆ ಎಂಬ ಪದದಿಂದ ತೂತುಗಳು ಬೆಳೆಯುತ್ತಿವೆ ಎಂದು ತಿಳಿದರು.

ಅವರ ನಡುವೆ ಜಗಳವೇನೂ ಇರಲಿಲ್ಲ. ಇದ್ದಿದ್ದರೆ ವಿಷಯ ಬೇಗ ಹೊರಬೀಳುತ್ತಿತ್ತೇನೋ. ಗಂಡನಿಗೆ ಎಲ್ಲ ಗೊತ್ತಿದೆ, ತನಗಾಗಿ ಧೈರ್ಯ ನಟಿಸುತ್ತಿದ್ದಾರೆ ಎಂದು ಹೆಂಡತಿ ಭಾವಿಸಿದ್ದರು. ಹೆಂಡತಿ ಹೆರಿಗೆಯ ಆಘಾತದಿಂದ ಇನ್ನೂ ಹೊರಬಂದಿಲ್ಲ, ಈ ಮಾತೆತ್ತಿ ನೋಯಿಸಬಾರದು ಎಂದು ಗಂಡ ತೀರ್ಮಾನಿಸಿದ್ದರು. ಒಬ್ಬರನ್ನೊಬ್ಬರು ಕಾಪಾಡುವ ಈ ಪ್ರಯತ್ನದಲ್ಲಿ ಮಾತು ಹಾಲು, ಔಷಧ, ನಿದ್ದೆ, ತೂಕ ಇಷ್ಟಕ್ಕೇ ನಿಂತಿತು. "ಮಗು ಕಣ್ಣರಳಿಸಿ ನೋಡ್ತಾಳಲ್ಲಮ್ಮ, ಏನಾಗಿದೆ ಅವಳಿಗೆ?" ಎಂದು ಅಜ್ಜಿ ಕೇಳಿದಾಗಲೆಲ್ಲ "ಏನಿಲ್ಲ ಅತ್ತೆ" ಎಂದು ತಾಯಿ ಒಳಗೆ ಹೋಗುತ್ತಿದ್ದರಂತೆ.

ತಾಯಿ ಒಂದು ಪುಸ್ತಕ ಇಟ್ಟಿದ್ದರು. ಮೊದಲ ಪುಟಗಳಲ್ಲಿ ಹಾಲಿನ ಅಳತೆ, ಹೊತ್ತು, ತೂಕ. ಆಮೇಲಿನ ಪುಟಗಳಲ್ಲಿ ಬರೀ ಕಾಲುಗಳು: ಬಟ್ಟೆ ಬದಲಿಸುವಾಗ ಎಡಗಾಲು ಎಷ್ಟು ಬಿಗಿ, ಬಲಗಾಲು ಎಷ್ಟು ಬಿಗಿ, ಎಷ್ಟು ಸಲ ಒದೆದಳು, ಎರಡೂ ಕಾಲು ಒಂದರ ಮೇಲೊಂದು ಬಂದವೇ. ಎರಡು ತಿಂಗಳ ಆ ಬರಹದಲ್ಲಿ ಮಗು ನಕ್ಕ ವಿಚಾರ ಒಂದು ಕಡೆಯೂ ಇರಲಿಲ್ಲ, ಅಷ್ಟರಲ್ಲಿ ಅವಳು ನಗಲು ಶುರುಮಾಡಿಯಾಗಿತ್ತು. ವಯಸ್ಸಿನ ಲೆಕ್ಕವೂ ತಪ್ಪಿತ್ತು. ದಿನ ತುಂಬದೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಎಷ್ಟು ವಾರ ಮೊದಲು ಹುಟ್ಟಿತೋ ಅಷ್ಟನ್ನು ಕಳೆದು ಅಳೆಯಬೇಕು. ಕರೆಕ್ಟೆಡ್ ಏಜ್ ಎಂದು ಆಸ್ಪತ್ರೆಯಲ್ಲಿ ಹೇಳುವುದು ಇದನ್ನೇ. ತಾಯಿ ಹುಟ್ಟಿದ ತಾರೀಖಿನಿಂದಲೇ ಎಣಿಸುತ್ತಿದ್ದುದರಿಂದ, ಈ 11 ವಾರಗಳ ಅಂತರವೂ ಗಾಯದ ಲೆಕ್ಕಕ್ಕೇ ಸೇರುತ್ತಿತ್ತು.

ಎರಡು ಹಾಳೆಗಳು

ತಿದ್ದಿದ ಲೆಕ್ಕದಲ್ಲಿ ಮೂರು ತಿಂಗಳಾದಾಗ ಮಗುವನ್ನು ಸಾಮಾನ್ಯ ಚಲನೆಗಳ ಪರೀಕ್ಷೆಗೆ ಕರೆಸಲಾಯಿತು. ಮಗು ಎಚ್ಚರವಾಗಿ, ಅಳದೆ, ಅಂಗಾತ ಮಲಗಿರುವಾಗ ಕೆಲವು ನಿಮಿಷದ ವಿಡಿಯೊ ತೆಗೆದು, ಅದರ ಕೈಕಾಲುಗಳು ತಾವಾಗಿ ಹೇಗೆ ಆಡುತ್ತವೆ ಎಂದು ನೋಡುವುದಷ್ಟೇ ಇದರ ಕ್ರಮ. ಈ ವಯಸ್ಸಿನಲ್ಲಿ ಕುತ್ತಿಗೆ, ಮಣಿಕಟ್ಟು, ಹಿಮ್ಮಡಿ ಎಲ್ಲದರಲ್ಲೂ ಎಡೆಬಿಡದೆ ಹರಿಯುವ ಒಂದು ನಯವಾದ ಚಡಪಡಿಕೆ ಇರಬೇಕು. ಹೈಂಜ್ ಪ್ರೆಕ್ಟಲ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ, 130 ಶಿಶುಗಳ ಅಧ್ಯಯನದ ನಂತರ ಈ ಚಡಪಡಿಕೆ ಇಲ್ಲದಿರುವುದನ್ನು ಸೆರೆಬ್ರಲ್ ಪಾಲ್ಸಿಯ (ಎಳೆಯ ಮೆದುಳಿಗಾದ ಗಾಯದಿಂದ ಚಲನೆಗೆ ಬರುವ ತೊಂದರೆಯ) ಬಲವಾದ ಮುನ್ಸೂಚನೆಯೆಂದು ಪರಿಗಣಿಸಲಾಗುತ್ತದೆ. ಈ ಮಗುವಿನಲ್ಲಿ ಆ ಚಡಪಡಿಕೆ ಕಾಣಲಿಲ್ಲ.

ಫಲಿತಾಂಶ ಹೇಳುವ ಮೊದಲು ವೈದ್ಯರು ನನ್ನನ್ನು ಕರೆದರು. ಈ ಸಲ ಇಬ್ಬರನ್ನೂ ಕೂರಿಸಿ, ಬಾಗಿಲು ಹಾಕಿ ಮಾತಾಡೋಣ ಎಂದು ನಿಶ್ಚಯಿಸಿದ್ದೆವು. ಏನು ಹೊಳೆಯಿತೋ, ಮಾತು ಶುರುಮಾಡುವ ಮುಂಚೆ ನಾನು ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಮಗುವಿಗೆ ಏನಾಗಿದೆ ಎಂದು ನಿಮಗೆ ಇಲ್ಲಿಯವರೆಗೆ ತಿಳಿದಿರುವುದನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ ಎಂದೆ.

ತಂದೆ ಬರೆದದ್ದು: "ಹುಟ್ಟಿದಾಗ ಮೆದುಳಿನಲ್ಲಿ ಸಣ್ಣ ರಕ್ತಸ್ರಾವ ಆಗಿತ್ತು. ಈಗ ಕರಗಿದೆ. ಬೆಳವಣಿಗೆ ಸ್ವಲ್ಪ ನಿಧಾನ. ಥೆರಪಿ ಮಾಡಿಸಿದರೆ ಸರಿಹೋಗುತ್ತಾಳೆ."

ತಾಯಿ ಬರೆದದ್ದು: "ಮೆದುಳಲ್ಲಿ ತೂತುಗಳಿವೆ. ದೊಡ್ಡದಾಗುತ್ತಿವೆ. ಸ್ವಲ್ಪ ದಿನಕ್ಕೆ ನಮ್ಮನ್ನು ಗುರುತು ಹಿಡಿಯುವುದೂ ನಿಲ್ಲುತ್ತದೆ. ಹೆಚ್ಚು ದಿನ ಇರುವುದಿಲ್ಲ."

ಹಾಳೆಗಳನ್ನು ಅದಲುಬದಲು ಮಾಡಿ ಓದಲು ಕೊಟ್ಟೆ. ಅದು ಸರಿಯಾದ ಕ್ರಮವೋ ಅಲ್ಲವೋ ಎಂದು ಇವತ್ತಿಗೂ ಯೋಚಿಸುತ್ತೇನೆ, ಏಕೆಂದರೆ ತಂದೆಯ ಕೈ ನಡುಗಿದ್ದು ನನಗೆ ಕಾಣುತ್ತಿತ್ತು. "ನಾಲ್ಕು ತಿಂಗಳು ಇದನ್ನ ಮನಸ್ಸಲ್ಲೇ ಇಟ್ಕೊಂಡಿದ್ಯಾ?" ಎಂದರು ಅವರು. ತಾಯಿ ಗಂಡನ ಹಾಳೆಯನ್ನು ಎರಡು ಸಲ ಓದಿ, "ನಿಮಗೆ ಯಾರೂ ಹೇಳಲೇ ಇಲ್ವೇನ್ರೀ?" ಎಂದು ಕೇಳಿದರು. ಆ ಕೋಣೆಯಲ್ಲಿದ್ದ ನಾವಿಬ್ಬರು, ಅಂದರೆ ವೈದ್ಯರು ಮತ್ತು ನಾನು, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಆಮೇಲಿನ ಮುಕ್ಕಾಲು ಗಂಟೆಯಲ್ಲಿ ವೈದ್ಯರು ಕೈಯಿಂದ ಚಿತ್ರ ಬರೆದು ವಿವರಿಸಿದ ರೀತಿ ನನಗೆ ಮಾದರಿಯಾಗಿ ಉಳಿದಿದೆ. ಮೊದಲು ಅವರು ತಾಯಿಯ ಹಾಳೆಯನ್ನೇ ಎತ್ತಿಕೊಂಡರು. ಈ ಗಾಯ ಬೆಳೆಯುವುದಿಲ್ಲ. ಆದದ್ದು ಒಮ್ಮೆ ಆಗಿಹೋಗಿದೆ. ಸತ್ತ ಅಂಗಾಂಶದ ಜಾಗವನ್ನು ದ್ರವ ತುಂಬಿಕೊಂಡಿರುವುದರಿಂದ ಕುಹರ ಅಗಲವಾಗಿ ಕಾಣುತ್ತದೆ, ಒಳಗೆ ಏನೋ ತಿನ್ನುತ್ತಿದೆ ಎಂದಲ್ಲ. ಮಗು ಬೇಗ ಸಾಯುತ್ತಾಳೆ ಎನ್ನಲು ಈ ವರದಿಯಲ್ಲಿ ಯಾವ ಆಧಾರವೂ ಇಲ್ಲ. ಆಮೇಲೆ ತಂದೆಯ ಹಾಳೆ. ರಕ್ತಸ್ರಾವ ಕರಗಿದೆ, ಆದರೆ ಅದಕ್ಕೂ ಈ ಗಾಯಕ್ಕೂ ಬೇರೆ ಬೇರೆ ಲೆಕ್ಕ. ಮೆದುಳಿನ ಮೇಲ್ಪದರದಿಂದ ಬೆನ್ನುಹುರಿಗೆ ಇಳಿಯುವ ತಂತುಗಳಲ್ಲಿ ಕಾಲುಗಳಿಗೆ ಹೋಗುವವು ಕುಹರದ ಅಂಚಿಗೆ ತೀರ ಹತ್ತಿರ ಹಾಯುತ್ತವೆ, ಕೈ ಮತ್ತು ಮುಖದವು ಸ್ವಲ್ಪ ದೂರದಲ್ಲಿ. ಆದ್ದರಿಂದಲೇ ಇಂಥ ಗಾಯದಲ್ಲಿ ಸಾಮಾನ್ಯವಾಗಿ ಮೊದಲು ಬಿಗಿಯಾಗುವುದು ಕಾಲುಗಳು. ಲಂಡನ್ನಿನ ವಿಲಿಯಂ ಲಿಟ್ಲ್ 1862ರಷ್ಟು ಹಿಂದೆಯೇ ಹೀಗೆ ಕಾಲು ಬಿಗಿಯಾಗುವ ಮಕ್ಕಳಿಗೂ ಅಕಾಲ ಜನನಕ್ಕೂ ಸಂಬಂಧವಿದೆ ಎಂದು ವರದಿ ಮಾಡಿದ್ದರು. "ನೀವು ಕಾಲು ನೋಡುತ್ತಿದ್ದದ್ದು ಸರಿಯೇ ಇತ್ತಮ್ಮ, ಆದರೆ ಅದಕ್ಕೆ ನೀವು ಕೊಟ್ಟುಕೊಂಡ ಅರ್ಥ ತಪ್ಪಾಗಿತ್ತು" ಎಂದು ವೈದ್ಯರು ಹೇಳಿದಾಗ ತಾಯಿ ಮೊದಲ ಬಾರಿಗೆ ಅವರ ಮುಖ ನೋಡಿದರು.

ಮಾತು ಮುಗಿದ ಮೇಲೆ ಒಂದೇ ಪುಟದಲ್ಲಿ ಮೂರು ಭಾಗ ಮಾಡಿ ಬರೆದುಕೊಟ್ಟೆವು: ಈಗ ತಿಳಿದಿರುವುದು, ಆಗುವ ಸಂಭವ ಹೆಚ್ಚಿರುವುದು, ಇನ್ನೂ ತಿಳಿಯದಿರುವುದು. ಕಾಲುಗಳ ಬಿಗಿತ ಎರಡನೆಯ ಭಾಗದಲ್ಲಿ ಬಂತು. ಕಲಿಕೆ, ದೃಷ್ಟಿ, ಫಿಟ್ಸ್ ಮೂರನೆಯದರಲ್ಲಿ, ಪ್ರತಿಯೊಂದರ ಮುಂದೆ ಅದನ್ನು ಯಾವಾಗ, ಯಾವ ಪರೀಕ್ಷೆಯಿಂದ ನೋಡುತ್ತೇವೆ ಎಂಬುದರ ಸಮೇತ. ಪ್ರತಿ ಭೇಟಿಯಲ್ಲಿ ಹಳೆಯ ಪುಟವನ್ನು ಮುಂದಿಟ್ಟುಕೊಂಡು ಹೊಸದನ್ನು ಬರೆಯುವುದೆಂದು ಗೊತ್ತುಮಾಡಿದೆವು. ಎರಡು ವರ್ಷಗಳಲ್ಲಿ ಅಂಥ ಒಂಬತ್ತು ಪುಟಗಳಾದವು. ಮೂರನೆಯ ಭಾಗದಿಂದ ಒಂದೊಂದೇ ಸಾಲು ಮೇಲಕ್ಕೆ ಏರುವುದನ್ನು ಇಬ್ಬರೂ ಒಟ್ಟಿಗೆ ಕಂಡರು.

ಹೆಸರು ಸಿಕ್ಕ ಮೇಲೆ

ಮೊದಲೆಲ್ಲ ಸೆರೆಬ್ರಲ್ ಪಾಲ್ಸಿ ಎಂದು ಹೇಳಲು ಒಂದರಿಂದ ಎರಡು ವರ್ಷ ಕಾಯುತ್ತಿದ್ದರು. 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಶಿಫಾರಸುಗಳು, ಎಂಆರ್‌ಐ, ಚಲನೆಗಳ ಪರೀಕ್ಷೆ ಮತ್ತು ಹ್ಯಾಮರ್‌ಸ್ಮಿತ್ ನರಪರೀಕ್ಷೆಗಳನ್ನು ಒಟ್ಟಿಗೆ ನೋಡಿದರೆ ತಿದ್ದಿದ ವಯಸ್ಸಿನ ಆರು ತಿಂಗಳೊಳಗೇ ಹೇಳಬಹುದು, ಹೇಳಬೇಕು ಎಂದವು. ಈ ಮಗುವಿಗೆ ಐದನೆಯ ತಿಂಗಳಲ್ಲಿ ಹ್ಯಾಮರ್‌ಸ್ಮಿತ್ ಪರೀಕ್ಷೆಯ 78 ಅಂಕಗಳಲ್ಲಿ 51 ಬಂತು, ಇದರಲ್ಲಿ ಅಂಕ ಕಡಿಮೆಯಾದಷ್ಟೂ ತೊಂದರೆಯ ಸಂಭವ ಹೆಚ್ಚು. ಮೂರೂ ಪರೀಕ್ಷೆಗಳು ಒಂದೇ ಕಡೆ ಬೆರಳು ತೋರಿಸಿದ್ದರಿಂದ ಎರಡೂ ಕಾಲುಗಳಲ್ಲಿ ಹೆಚ್ಚಾಗಿರುವ ಸೆರೆಬ್ರಲ್ ಪಾಲ್ಸಿ ಎಂದು ಹೆಸರಿಸಲಾಯಿತು.

ಇಲ್ಲಿ ನಾವು ಎಣಿಸದಿದ್ದದ್ದು ನಡೆಯಿತು. ತಾಯಿ ಹಗುರಾದರು. ಮಗು ಸಾಯುವುದಿಲ್ಲ, ತಮ್ಮನ್ನು ಗುರುತು ಹಿಡಿಯುತ್ತಾಳೆ, ಕಾಲು ಬಿಗಿ ಎಂಬುದು ಅವರು ಎದುರು ನೋಡುತ್ತಿದ್ದುದಕ್ಕಿಂತ ಎಷ್ಟೋ ಚಿಕ್ಕ ಸುದ್ದಿಯಾಗಿತ್ತು. ಕುಸಿದವರು ತಂದೆ. ನಾಲ್ಕು ತಿಂಗಳು ಮುಂದಕ್ಕೆ ತಳ್ಳಿದ್ದ ದುಃಖ ಅವರಿಗೆ ಒಂದೇ ವಾರದಲ್ಲಿ ಬಂದು ಮುಟ್ಟಿತು. ಕೆಲಸಕ್ಕೆ ಹೋಗಿ ಬಂದು ಗಾಡಿಯಲ್ಲೇ ಅರ್ಧ ಗಂಟೆ ಕೂತಿದ್ದು ಒಳಗೆ ಬರುತ್ತಿದ್ದರು ಎಂದು ಹೆಂಡತಿ ತಿಳಿಸಿದರು. ಹಾಗೆಂದು ತಾಯಿ ಪೂರ್ತಿ ಚೇತರಿಸಿಕೊಂಡಿದ್ದರು ಎಂದೂ ಅಲ್ಲ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಅವರಿಗೆ 30ಕ್ಕೆ 17 ಬಂದಿತ್ತು, ಇದರಲ್ಲಿ ಅಂಕ ಹೆಚ್ಚಾದಷ್ಟೂ ಖಿನ್ನತೆಯ ಸಂಭವ ಹೆಚ್ಚು. ಹತ್ತನೆಯ ಪ್ರಶ್ನೆ ಸ್ವಂತ ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಅದಕ್ಕೆ 'ಎಂದೂ ಇಲ್ಲ' ಎಂಬ ಉತ್ತರ ಬಂದಿದ್ದರೂ ಬಾಯಿಮಾತಿನಲ್ಲಿ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಅವರನ್ನು ಮನೋವೈದ್ಯರ ಬಳಿ ಕಳಿಸಿದೆವು. ತಂದೆಗೂ ಅದೇ ಪ್ರಶ್ನಾವಳಿ ಕೊಡಬೇಕೆಂದು ಮೊದಲ ದಿನವೇ ಯಾರಿಗೂ ತೋಚಿರಲಿಲ್ಲ. ಕೊಟ್ಟಾಗ ಅವರಿಗೆ 13 ಬಂತು.

ಆಗ ತಂದೆ ಬಿದ್ದದ್ದು ದುಡಿಮೆಗೆ. ಎಳೆಯ ಮೆದುಳು ಹೊಸ ದಾರಿ ಹುಡುಕಿಕೊಳ್ಳುತ್ತದೆ, ಮೊದಲ ಎರಡು ವರ್ಷ ಬಹಳ ಮುಖ್ಯ ಎಂದು ನಾವೇ ಹೇಳಿದ್ದ ಮಾತು ಮನೆಯಲ್ಲಿ ಒಂದು ಗಡಿಯಾರವಾಗಿ ಟಿಕ್‌ಟಿಕ್ ಎನ್ನತೊಡಗಿತು. ದಿನಕ್ಕೆ ನಾಲ್ಕು ಸಲ ವ್ಯಾಯಾಮದ ವೇಳಾಪಟ್ಟಿ ಗೋಡೆಗೆ ಬಂತು. ಮಗು ಹೆಚ್ಚು ಹೊತ್ತು ನಿದ್ದೆ ಮಾಡಿದರೆ ಅವರಿಗೆ ತಪ್ಪಿತಸ್ಥ ಭಾವ. ಎಂಟನೆಯ ತಿಂಗಳಿಗೆ ಮಗು ನೀಲಿ ಚಾಪೆ ಬಿಚ್ಚುವುದನ್ನು ಕಂಡರೇ ಅಳಲು ಶುರುಮಾಡುತ್ತಿತ್ತು. ತಂದೆ ಎಲ್ಲೋ ಓದಿ, ದೊಡ್ಡ ಮೊತ್ತ ಕೇಳುತ್ತಿದ್ದ ಸ್ಟೆಮ್ ಸೆಲ್ ಚಿಕಿತ್ಸೆಯೊಂದಕ್ಕೆ ಮುಂಗಡ ಕೊಡುವ ಹಂತಕ್ಕೂ ಬಂದಿದ್ದರು. ಕಳೆದುಹೋದ ಬಿಳಿ ದ್ರವ್ಯವನ್ನು ಮರಳಿ ತರುತ್ತದೆಂದು ಸಾಬೀತಾದ ಚಿಕಿತ್ಸೆ ಯಾವುದೂ ಇಲ್ಲ ಎಂದು ವೈದ್ಯರು ನೇರವಾಗಿ ಹೇಳಿದ್ದರಿಂದ ಅದು ನಿಂತಿತು. ಆ ನಿರಾಸೆಯ ಸಿಟ್ಟಿನಲ್ಲೇ ತಂದೆ ಕೊನೆಗೂ ಕೇಳಿದರು: "ಮೂರನೇ ದಿನ ಚೆನ್ನಾಗಿತ್ತು ಅಂದ್ರಿ, ಆಮೇಲೆ ನೀವು ಏನು ಮಾಡಿದ್ರಿ, ಮೇಡಂ?" ಗುಳ್ಳೆಗಳು ಕಾಣಲು ಹಿಡಿಯುವ ವಾರಗಳ ಲೆಕ್ಕವನ್ನು ಅವತ್ತು ಕಡತ ತೆರೆದಿಟ್ಟು ವಿವರಿಸಿದೆವು. ಒಂದು ವರ್ಷ ಮೊದಲೇ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದಾಗಿದ್ದ ವಿಷಯ ಅದು.

ತಾಯಿಯ ಪ್ರಶ್ನೆ ಬೇರೆ. ನೀರಿನ ಚೀಲ ಒಡೆದ ಹಿಂದಿನ ದಿನ ಮೂರು ಮಹಡಿ ಮೆಟ್ಟಿಲು ಹತ್ತಿದ್ದೆ, ಅದರಿಂದಲೇ ಆಯಿತೇ ಎಂದು ಅವರು ಬೇರೆ ಬೇರೆ ಮಾತಿನಲ್ಲಿ ಕನಿಷ್ಠ ಆರು ಸಲ ಕೇಳಿದ್ದಾರೆ. ಸೋಂಕಿನ ಗುರುತುಗಳಿದ್ದ ಮಾಸಿನ ವರದಿ, ಸಮಯಕ್ಕೆ ಸಿಕ್ಕ ಎರಡು ಡೋಸ್, ಅವರು ಒಂದು ಗಂಟೆಯೊಳಗೆ ಆಸ್ಪತ್ರೆ ತಲುಪಿದ್ದು ಎಲ್ಲವನ್ನೂ ಪ್ರತಿ ಸಲ ತೋರಿಸಿದ್ದೇವೆ. ಒಮ್ಮೆ ನಾನು, ಮನೋವಿಶ್ಲೇಷಣೆಗೆ ಹೆಸರಾಗುವ ಮೊದಲು ನರರೋಗ ತಜ್ಞರಾಗಿದ್ದ ಫ್ರಾಯ್ಡ್, ಹೆರಿಗೆಯ ತೊಂದರೆ ಎಷ್ಟೋ ಸಲ ಒಳಗೆ ಮೊದಲೇ ಆಗಿದ್ದುದರ ಲಕ್ಷಣವಷ್ಟೇ ಇರಬಹುದೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಹೇಳಿದ್ದನ್ನು ಅವರಿಗೆ ತಿಳಿಸಿದೆ. ಅವರು ನಕ್ಕು, "ಆದರೂ ಮೆಟ್ಟಿಲು ಹತ್ತಬಾರದಿತ್ತು" ಎಂದರು. ತರ್ಕದಿಂದ ಕಳಚಿಹೋಗುವ ಅಪರಾಧ ಭಾವ ಇದಲ್ಲವೆಂದು ಆಗ ನನಗೆ ಮನವರಿಕೆಯಾಯಿತು. ಆ ಮೇಲೆ ವಾದಿಸುವುದನ್ನು ಬಿಟ್ಟು, ಮೆಟ್ಟಿಲಿನ ನೆನಪು ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳತೊಡಗಿದೆ. ಬಹುಪಾಲು ಬೇರೆ ಮಕ್ಕಳು ನಡೆಯುವುದನ್ನು ಕಂಡ ದಿನಗಳಲ್ಲಿ ಬರುತ್ತಿತ್ತು.

ಇಂಥ ತಂದೆತಾಯಿಯ ದುಃಖಕ್ಕೆ ಹಂತಗಳಿವೆ, ಕೊನೆಯ ಹಂತ ಒಪ್ಪಿಕೊಳ್ಳುವುದು ಎಂಬ ಮಾತು ನಮ್ಮ ವೃತ್ತಿಯಲ್ಲಿ ಇನ್ನೂ ಓಡಾಡುತ್ತದೆ. 1962ರಲ್ಲಿ ಸೈಮನ್ ಓಲ್ಶಾನ್ಸ್ಕಿ ಹೇಳಿದ ನಿರಂತರ ದುಃಖದ ವಿಚಾರ ಈ ದಂಪತಿಗೆ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಮಗುವಿನ ಬೆಳವಣಿಗೆಯ ಪ್ರತಿಯೊಂದು ತಿರುವಿನಲ್ಲಿ ಆ ದುಃಖ ಮರಳಿ ಬರುತ್ತದೆ, ಅದು ರೋಗವಲ್ಲ, ಮಗುವನ್ನು ಪ್ರೀತಿಸಲು ಅಡ್ಡಿಯೂ ಅಲ್ಲ ಎಂಬುದು ಆ ವಿಚಾರದ ತಿರುಳು. ಅದನ್ನು ಕೇಳಿದಾಗ ತಂದೆ, "ಹಾಗಾದರೆ ನಾನು ಸರಿ ಹೋಗಬೇಕಾಗಿಲ್ಲ" ಎಂದು ನಿಟ್ಟುಸಿರುಬಿಟ್ಟರು.

ವ್ಯಾಯಾಮದ ಪಟ್ಟಿಯನ್ನು ಫಿಸಿಯೊಥೆರಪಿಸ್ಟ್ ಗೋಡೆಯಿಂದ ತೆಗೆಸಿದರು. ಕಾಲು ಬಿಡಿಸುವುದು ಬಟ್ಟೆ ಬದಲಿಸುವ ಹೊತ್ತಿಗೆ ಸೇರಿತು, ಕೂರುವ ಅಭ್ಯಾಸ ತಂದೆಯ ತೊಡೆಯ ಮೇಲಿನ ಆಟಕ್ಕೆ, ನಿಲ್ಲುವುದು ಕಿಟಕಿಯ ಬಳಿಯ ಬೆಂಚಿಗೆ, ಅಲ್ಲಿಂದ ಹೊರಗೆ ನೋಡಲು ಮಗುವಿಗೇ ಆಸೆ. ಯಾರೋ ಕೈಕಾಲು ಹಿಡಿದು ಆಡಿಸುವುದಕ್ಕಿಂತ ಮಗು ತನಗೆ ಬೇಕಾದ್ದಕ್ಕಾಗಿ ತಾನೇ ಯತ್ನಿಸುವುದರಿಂದ ಹೆಚ್ಚು ಕಲಿಯುತ್ತದೆಂಬುದು ಈಗಿನ ಚಿಕಿತ್ಸೆಯ ಒಪ್ಪಿತ ತತ್ವ. ನೀಲಿ ಚಾಪೆ ಏನಾಯಿತೆಂದು ಕೇಳಿದ್ದಕ್ಕೆ, ಅದನ್ನು ಮಡಚಿ ಮಂಚದ ಕೆಳಗೆ ಹಾಕಿದ್ದೇವೆ ಎಂದರು.

ಎರಡು ವರ್ಷದ ಭೇಟಿ

ತಿದ್ದಿದ ಲೆಕ್ಕದ ಎರಡು ವರ್ಷಕ್ಕೆ ಮಗು ಆಸರೆಯಿಲ್ಲದೆ ಕೂರುತ್ತಾಳೆ, ಅಂಬೆಗಾಲಿಡುತ್ತಾಳೆ, ಹಿಡಿದುಕೊಂಡು ಎದ್ದು ನಿಲ್ಲುತ್ತಾಳೆ, ಪುಟ್ಟ ವಾಕರ್ ಹಿಡಿದು ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಾಳೆ. ಚಲನಶಕ್ತಿಯ ಐದು ಮಟ್ಟಗಳ ವಿಂಗಡಣೆಯಲ್ಲಿ (ಒಂದನೆಯದು ಅತಿ ಸೌಮ್ಯ) ಮೂರನೆಯದು. ಎರಡೆರಡು ಪದ ಸೇರಿಸಿ ಮಾತಾಡುತ್ತಾಳೆ. ಕಣ್ಣಿನಲ್ಲಿ ಸ್ವಲ್ಪ ಮೆಳ್ಳೆಯಿದೆ, ಕನ್ನಡಕ ಬಂದಿದೆ, ಅದನ್ನು ಕಿತ್ತೆಸೆಯುವುದರಲ್ಲಿ ನಿಪುಣೆ. ಫಿಟ್ಸ್ ಬಂದಿಲ್ಲ. ಕಲಿಕೆಯ ಸಾಲು ಇನ್ನೂ ಮೂರನೆಯ ಭಾಗದಲ್ಲೇ ಇದೆ, ಶಾಲೆಯ ವಯಸ್ಸಿನವರೆಗೂ ಅಲ್ಲೇ ಇರುತ್ತದೆ.

ಆ ದಿನ ಇಬ್ಬರಿಗೂ ಮತ್ತೆ ಹಾಳೆ ಕೊಟ್ಟೆ. ತಂದೆ ಮೆದುಳಿನ ಚಿತ್ರವನ್ನೇ ಬರೆದು, ಕುಹರದ ಅಂಚಿನಲ್ಲಿ ಕಾಲಿಗೆ ಹೋಗುವ ತಂತುವನ್ನು ಗೆರೆಯೆಳೆದು ತೋರಿಸಿದ್ದರು. ಕೆಳಗೆ, "ಇದು ಸರಿಹೋಗುವುದಿಲ್ಲ, ಅವಳು ಕಲಿಯುತ್ತಾಳೆ" ಎಂದಿತ್ತು. ತಾಯಿಯ ಹಾಳೆಯಲ್ಲಿ ಮೂರು ಸಾಲುಗಳಿದ್ದವು: "ಹೊಟ್ಟೆಯಲ್ಲಿ ಸೋಂಕಾಗಿ ಮೆದುಳಿಗೆ ಗಾಯವಾಯಿತು. ಗಾಯ ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ, ಆದ್ದರಿಂದ ಸೊಂಟದ ಕೀಲು ನೋಡಿಕೊಳ್ಳಬೇಕು. ನನ್ನನ್ನು ದೂರದಿಂದಲೇ ಗುರುತು ಹಿಡಿಯುತ್ತಾಳೆ."

ಸ್ನಾಯುಗಳು ಬಿಗಿಯಿರುವ ಮಕ್ಕಳಲ್ಲಿ ತೊಡೆಮೂಳೆ ಸೊಂಟದ ಕೀಲಿನಿಂದ ಮೆಲ್ಲಗೆ ಜಾರುವ ಅಪಾಯವಿರುವುದರಿಂದ, ನೋವು ಕಾಣುವ ಮೊದಲೇ ಎಕ್ಸ್‌ರೇ ತೆಗೆದು ನೋಡುತ್ತಿರಬೇಕಾಗುತ್ತದೆ. ಮುಂದಿನ ಎಕ್ಸ್‌ರೇಯ ತಾರೀಖನ್ನು ತಾಯಿ ತಮ್ಮ ಹಳೆಯ ಪುಸ್ತಕದಲ್ಲೇ ಬರೆದುಕೊಂಡರು. ಹಿಂದಿನ ಪುಟದಲ್ಲಿ ಕಾಲುಗಳ ಲೆಕ್ಕ ಇರಲಿಲ್ಲ, ಮಗಳು ಬಣ್ಣದ ಪೆನ್ಸಿಲಿನಲ್ಲಿ ಗೀಚಿದ್ದಳು.